ಎಂಜಿನ್ನಿನ ದನಿ, ಎಣ್ಣೆಯ ಋಣ

ಸಂಸ್ಕೃತದಲ್ಲಿ ‘ಸ್ನೇಹ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು ಅಕ್ಕರೆ, ಗೆಳೆತನ. ಇನ್ನೊಂದು ಎಣ್ಣೆ, ಜಿಡ್ಡು. ಒಂದು ದ್ರವ ತನ್ನ ಹರಿವಿಗೆ ತಾನೇ ಒಡ್ಡುವ ಪ್ರತಿರೋಧಕ್ಕೆ ನಮ್ಮ ವಿಜ್ಞಾನದ ಪಠ್ಯಗಳು ‘ಸ್ನಿಗ್ಧತೆ’ ಎಂದು ಹೆಸರಿಟ್ಟಿರುವುದೂ ಅದೇ ಧಾತುವಿನಿಂದ. ಕನ್ನಡದ ‘ಎಣ್ಣೆ’ಯ ಹುಟ್ಟು ಬೇರೆ. ಎಳ್ಳಿನ ‘ಎಳ್’ ಮತ್ತು ಕೊಬ್ಬು, ತುಪ್ಪ ಎಂಬರ್ಥದ ‘ನೆಯ್’ ಸೇರಿ ಎಣ್ಣೆಯಾಯಿತು. ಮೊದಲಿಗೆ ಎಳ್ಳಿನದಕ್ಕೆ ಮಾತ್ರ ಸಲ್ಲುತ್ತಿದ್ದ ಹೆಸರು ಕ್ರಮೇಣ ಎಲ್ಲ ಎಣ್ಣೆಗಳಿಗೂ ಹಬ್ಬಿ, ಇಂದು ನೆಲದಾಳದ ಕಚ್ಚಾ ತೈಲದಿಂದ ಬಸಿದು ತೆಗೆದ ಎಂಜಿನ್ ಆಯಿಲ್ಲಿಗೂ ಸಲ್ಲುತ್ತಿದೆ.

ಜೀವಮಾನವೆಲ್ಲ ಕನ್ನಡ ಪಾಠ ಹೇಳಿ ನಿವೃತ್ತನಾದವನು ಮೋಟಾರಿನ ಮಾತನ್ನೇಕೆ ಎತ್ತಿಕೊಂಡನೆಂದು ಕೆಲವರಿಗೆ ಅನ್ನಿಸಬಹುದು. ಕಾರಣ ಸರಳವಾದದ್ದು. ನಮ್ಮಂಥ ಮಧ್ಯಮ ವರ್ಗದ ಕುಟುಂಬದಲ್ಲಿ ಮನೆಯನ್ನು ಬಿಟ್ಟರೆ ಅತ್ಯಂತ ಹೆಚ್ಚು ಹಣ ಸುರಿದು ಕೊಳ್ಳುವ ವಸ್ತುವೆಂದರೆ ವಾಹನ. ಅದಕ್ಕೆ ಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ದೇವಸ್ಥಾನದ ಮುಂದೆ ಪೂಜೆ ಮಾಡಿಸಿ ಮನೆಗೆ ತರುತ್ತೇವೆ. ಮಾರನೆಯ ಬೆಳಗ್ಗೆ ಕೀಲಿ ತಿರುಗಿಸಿದಾಗ ಒಳಗಿನಿಂದ ‘ಟಕಟಕ’ ಎಂದು ಒಂದು ಸದ್ದು ಕೇಳುತ್ತದೆ. ಅಲ್ಲಿಂದ ಆತಂಕ ಮೊದಲು. ನೆರೆಯವರೊಬ್ಬರು ‘ಹೊಸತರಲ್ಲಿ ಹಾಗೇ’ ಎನ್ನುತ್ತಾರೆ, ಇನ್ನೊಬ್ಬರು ‘ಕೂಡಲೇ ಎಣ್ಣೆ ಬದಲಾಯಿಸಿ’ ಎನ್ನುತ್ತಾರೆ, ಮೂರನೆಯವರು ‘ದಪ್ಪ ಎಣ್ಣೆ ಹಾಕಿಸಿ, ಸದ್ದು ಅಡಗುತ್ತದೆ’ ಎನ್ನುತ್ತಾರೆ. ಈ ಮೂರು ಸಲಹೆಗಳಲ್ಲಿ ಯಾವುದು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ತಿಳಿಯಬೇಕಾದರೆ ಆ ಲೋಹದ ಪೆಟ್ಟಿಗೆಯೊಳಗೆ ಏನು ನಡೆಯುತ್ತಿದೆಯೆಂಬುದನ್ನು ಸ್ವಲ್ಪ ಅರಿತುಕೊಳ್ಳಬೇಕು.

ಇಂದಿನ ಪೆಟ್ರೋಲ್ ಎಂಜಿನ್ನಿನ ಮೂಲರೂಪವನ್ನು ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ಸಿದ್ಧಪಡಿಸಿದ. ಗಾಳಿ ಮತ್ತು ಇಂಧನವನ್ನು ಒಳಕ್ಕೆಳೆಯುವುದು, ಅದನ್ನು ಒತ್ತುವುದು, ಉರಿಸುವುದು, ಹೊಗೆಯನ್ನು ಹೊರದೂಡುವುದು: ಇವು ನಾಲ್ಕು ಹೊಡೆತಗಳು. ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತ ಈ ನಾಲ್ಕು ಕೆಲಸಗಳನ್ನು ಮುಗಿಸುವಷ್ಟರಲ್ಲಿ ಕೆಳಗಿನ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿರುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆಯೆನ್ನಿ. ಹೆದ್ದಾರಿಯಲ್ಲಿ ಇದು ಸಾಮಾನ್ಯವಾದ ವೇಗ. ಎಂದರೆ ಸೆಕೆಂಡಿಗೆ 50 ಸುತ್ತು. ಪ್ರತಿ ಸಿಲಿಂಡರಿನಲ್ಲಿ ಸೆಕೆಂಡಿಗೆ 25 ಸ್ಫೋಟ; ನಾಲ್ಕು ಸಿಲಿಂಡರುಗಳಿದ್ದರೆ 100. ಪಿಸ್ಟನ್ನಿನ ಓಡಾಟದ ಉದ್ದ 75 ಮಿಲಿಮೀಟರ್ ಇದ್ದರೆ ಅದು ಸೆಕೆಂಡಿಗೆ ಸರಾಸರಿ ಏಳೂವರೆ ಮೀಟರ್ ದೂರ ಸಾಗುತ್ತದೆ, ಮತ್ತು ಆ ಒಂದು ಸೆಕೆಂಡಿನಲ್ಲಿಯೇ ನೂರು ಸಲ ನಿಂತು ದಿಕ್ಕು ಬದಲಾಯಿಸುತ್ತದೆ. ಇಷ್ಟು ಧಾವಂತ ನಡೆಯುವ ಮನೆಯಲ್ಲಿ ಸದ್ದೇ ಇರಬಾರದೆಂದು ಬಯಸುವುದು ಮದುವೆಮನೆಯ ಅಡುಗೆಯ ಪಡಸಾಲೆಯಲ್ಲಿ ಮೌನವನ್ನು ನಿರೀಕ್ಷಿಸಿದಂತೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಸದ್ದು ಇದೆಯೆ ಎಂಬುದಲ್ಲ. ಯಾವ ಸದ್ದು, ಎಲ್ಲಿಂದ, ಯಾವಾಗ ಎಂಬುದು.

ಸಹಜವಾದ ಸದ್ದುಗಳನ್ನು ಮೊದಲು ನೋಡೋಣ. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಎಣ್ಣೆಯ ಬಹುಪಾಲು ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ. ಬೆಳಗ್ಗೆ ಚಾಲೂ ಮಾಡಿದೊಡನೆ ಪಂಪು ಅದನ್ನು ಮೇಲಿನ ವಾಲ್ವುಗಳವರೆಗೆ ಏರಿಸಬೇಕು. ಆ ಒಂದೆರಡು ಸೆಕೆಂಡು ಸಣ್ಣ ಟಕಟಕ ಕೇಳಿ ಅಡಗಿದರೆ ಅದು ಎಣ್ಣೆ ಮೇಲೇರಿದ ವರದಿ, ಅಷ್ಟೆ. ಇನ್ನೊಂದು ಕಾರಣವೂ ಉಂಟು. ಪಿಸ್ಟನ್ನನ್ನು ಅಲ್ಯುಮಿನಿಯಮ್ಮಿನಿಂದ ಮಾಡುತ್ತಾರೆ. ಅದು ಓಡಾಡುವ ಸಿಲಿಂಡರಿನ ಗೋಡೆ ಅನೇಕ ಎಂಜಿನ್‌ಗಳಲ್ಲಿ ಎರಕದ ಕಬ್ಬಿಣದ್ದು. ಕಾವಿಗೆ ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬಿಸಿಯೇರಿದ ಮೇಲೆ ಸರಿಹೊಂದಬೇಕೆಂದು ತಣ್ಣಗಿರುವಾಗ ಪಿಸ್ಟನ್ನಿಗೆ ಕೂದಲೆಳೆಯಷ್ಟು ಸಡಿಲ ಬಿಟ್ಟಿರುತ್ತಾರೆ. ಆ ಸಡಿಲದಲ್ಲಿ ಪಿಸ್ಟನ್ ಗೋಡೆಗೆ ಮೆಲ್ಲನೆ ತಟ್ಟುತ್ತದೆ. ಎಂಜಿನ್ ಕಾದ ಮೇಲೆ ಸದ್ದು ತಾನಾಗಿ ಕರಗುತ್ತದೆ.

ಇಂಧನವನ್ನು ಚಿಮ್ಮಿಸುವ ಇಂಜೆಕ್ಟರುಗಳು ಹೊಲಿಗೆಯಂತ್ರದ ಹಾಗೆ ಚಿಟಿಚಿಟಿ ಎನ್ನುತ್ತಲೇ ಇರುತ್ತವೆ. ಚಾಲೂ ಮಾಡಿದ ಮೊದಲ ಒಂದೆರಡು ನಿಮಿಷ ಎಂಜಿನ್ ತಾನಾಗಿ ಜೋರಾಗಿ ತಿರುಗುವುದೂ ಉಂಟು. ಹೊಗೆಯನ್ನು ಶುದ್ಧಿ ಮಾಡುವ ಉಪಕರಣ ಬೇಗ ಕಾಯಲೆಂದು ತಯಾರಕರು ಮಾಡಿರುವ ಏರ್ಪಾಡು ಅದು. ಗಾಡಿ ನಿಲ್ಲಿಸಿದ ಮೇಲೆ ಅಡಿಯಿಂದ ಟಿಣ್ ಟಿಣ್ ಎಂದು ಕೇಳುವುದು ಕಾದ ಹೊಗೆಕೊಳವೆ ತಣಿಯುತ್ತ ಕುಗ್ಗುವ ಸದ್ದು. ಚಿಕ್ಕ ಕಾರುಗಳಲ್ಲಿ ಹಲವಕ್ಕೆ ಮೂರೇ ಸಿಲಿಂಡರುಗಳಿರುತ್ತವೆ. 1983ರ ಡಿಸೆಂಬರಿನಲ್ಲಿ ಜನರ ಕೈಸೇರಿದ ಮಾರುತಿ 800 ಕೂಡ ಮೂರು ಸಿಲಿಂಡರಿನದೇ. ನಾಲ್ಕರ ಗಾಡಿ ಓಡಿಸಿ ಅಭ್ಯಾಸವಾದವರು ಮೂರರ ಗಾಡಿಗೆ ಬಂದಾಗ ನಿಂತಲ್ಲಿ ಅದು ತುಸು ನಡುಗಿ ಗುರುಗುಟ್ಟುವುದನ್ನು ಕೇಳಿ ದೋಷವೆಂದೇ ತಿಳಿಯುತ್ತಾರೆ. ಅದು ದೋಷವಲ್ಲ, ಆ ರಚನೆಯ ಸ್ವಭಾವ. ಡೀಸೆಲ್ ಗಾಡಿಯ ಕಟಕಟವೂ ಅಂಥದೇ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳ ಅನಂತರ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಜರಡಿ ಬಂದಿದೆ. ಆಗಾಗ ಅದು ತಾನು ಹಿಡಿದ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಆಗ ನಿಂತಲ್ಲಿಯೇ ಎಂಜಿನ್ನಿನ ವೇಗ ಏರಿ, ಫ್ಯಾನು ಜೋರಾಗಿ ತಿರುಗಿದರೆ ಹೆದರಬೇಕಾದ್ದಿಲ್ಲ.

ಇನ್ನು ಹೆದರಬೇಕಾದ ಸದ್ದುಗಳು. ಎಂಜಿನ್ನಿನ ತಳದಿಂದ, ಒನಕೆಯಲ್ಲಿ ಕುಟ್ಟಿದಂತೆ, ಆಳವಾದ ಬಡಿತ ಕೇಳಿಬಂದು ಏರು ಹತ್ತುವಾಗ ಅದು ಹೆಚ್ಚಿದರೆ ಕ್ರ್ಯಾಂಕ್ ದಂಡದ ಬೇರಿಂಗುಗಳು ಸವೆಯುತ್ತಿರಬಹುದು. ಡಬ್ಬಿಯಲ್ಲಿ ಕಲ್ಲುಹರಳು ಕುಲುಕಿದಂಥ ಸದ್ದು ಭಾರ ಎಳೆಯುವಾಗ ಕೇಳಿದರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಉರಿಯುತ್ತಿದೆಯೆಂದು ಅರ್ಥ. ಬೆಳಗಿನ ಟಕಟಕ ಎಂಜಿನ್ ಕಾದ ಮೇಲೂ ನಿಲ್ಲದೆ ದಿನೇದಿನೇ ಹೆಚ್ಚುತ್ತಿದ್ದರೆ ಅದೂ ಪರೀಕ್ಷೆಗೆ ತಕ್ಕದ್ದು. ಸದ್ದಿಗಿಂತ ದೊಡ್ಡ ಎಚ್ಚರಿಕೆಯೊಂದಿದೆ: ಮುಂದಿನ ಫಲಕದಲ್ಲಿ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ. ಓಡುತ್ತಿರುವಾಗ ಅದು ಹೊತ್ತಿದರೆ ‘ಮನೆಗೆ ಹೋಗಿ ನೋಡೋಣ’ ಎನ್ನಬಾರದು. ಎಣ್ಣೆಯ ಒತ್ತಡ ಬಿದ್ದುಹೋಗಿದೆಯೆಂದು ಅದು ಕೂಗಿ ಹೇಳುತ್ತಿರುತ್ತದೆ. ಸುರಕ್ಷಿತವಾದ ಕಡೆ ಗಾಡಿಯನ್ನು ಪಕ್ಕಕ್ಕೆ ತಂದು ಎಂಜಿನ್ನನ್ನು ಆರಿಸಬೇಕು. ಒಂದೆರಡು ಕಿಲೋಮೀಟರಿನ ಉದಾಸೀನ ಇಡೀ ಎಂಜಿನ್ನನ್ನೇ ಬಲಿ ತೆಗೆದುಕೊಳ್ಳಬಲ್ಲದು.

ಎಣ್ಣೆ ಅಲ್ಲಿ ಮಾಡುವ ಕೆಲಸವಾದರೂ ಏನು? ಎರಡು ಲೋಹಗಳ ನಡುವೆ ಜಾರಿಕೆ ಉಂಟುಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಹೇಗೆ ಎಂಬುದು ಮನುಷ್ಯನಿಗೆ ತಿಳಿದು ಇನ್ನೂ ಒಂದೂವರೆ ಶತಮಾನವೂ ಆಗಿಲ್ಲ. ಚಕ್ರ ಎಷ್ಟು ಹಳೆಯದೋ ಅಚ್ಚಿಗೆ ಜಿಡ್ಡು ಹಚ್ಚುವುದೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ನಮ್ಮ ಹಳ್ಳಿಗಳ ಎತ್ತಿನ ಗಾಡಿಯ ಕೆಳಗೆ ಕೀಲೆಣ್ಣೆಯ ಗೊಟ್ಟ ತೂಗುತ್ತಿದ್ದುದನ್ನು ಹಿರಿಯರು ನೋಡಿದ್ದಾರೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಅದನ್ನು ಮಾಡುತ್ತಿದ್ದರು. ಗಾಡಿ ಕಿರುಗುಟ್ಟತೊಡಗಿತೆಂದರೆ ಎತ್ತಿಗೆ ಭಾರವಾಯಿತೆಂದು ಗಾಡಿಯವನಿಗೆ ತಿಳಿಯುತ್ತಿತ್ತು. ಯಾವ ಶಾಸ್ತ್ರವೂ ಇಲ್ಲದೆ ಸದ್ದಿಗೂ ಎಣ್ಣೆಗೂ ಇರುವ ನಂಟನ್ನು ಆತ ಕಂಡುಕೊಂಡಿದ್ದ.

ಶಾಸ್ತ್ರ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಒಂದು ಬಿರಡೆಯ ಕಾರಣದಿಂದ. 1883ರ ಸುಮಾರಿಗೆ ಬೋಶಾಂಪ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದ. ತಿರುಗುವ ದಂಡದ ಮೇಲೆ ಹಿತ್ತಾಳೆಯ ಅರ್ಧಬಳೆಯಂಥ ಬೇರಿಂಗು ಕೂತಿತ್ತು. ದಂಡದ ತಳ ಎಣ್ಣೆಯಲ್ಲಿ ಅದ್ದಿತ್ತು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಕೊರೆದಿದ್ದ ತೂತಿನಿಂದ ಎಣ್ಣೆ ಒಳಕ್ಕೆ ಇಳಿಯುವ ಬದಲು ಹೊರಕ್ಕೆ ಉಕ್ಕತೊಡಗಿತು. ಆತ ಬಿರಡೆ ಜಡಿದ. ಅದು ಹೊರಕ್ಕೆ ತಳ್ಳಲ್ಪಟ್ಟಿತು. ಮರದ ಗೂಟ ಹೊಡೆದ. ಅದೂ ಎದ್ದು ಬಂತು. ಕೊನೆಗೆ ಒತ್ತಡದ ಮಾಪಕವನ್ನೇ ಅಲ್ಲಿ ಜೋಡಿಸಿ ನೋಡಿದರೆ, ಬೇರಿಂಗಿನ ಮೇಲೆ ಹೇರಿದ್ದ ಸರಾಸರಿ ಒತ್ತಡದ ಎರಡು ಪಟ್ಟನ್ನೂ ಎಣ್ಣೆಯ ಒತ್ತಡ ಮೀರಿತ್ತು. ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಇದರ ಗಣಿತವನ್ನು ಬಿಡಿಸಿಟ್ಟ. ತಿರುಗುವ ದಂಡ ತನ್ನ ಮೈಗಂಟಿದ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಯೊಳಕ್ಕೆ ಎಳೆದೊಯ್ಯುತ್ತದೆ. ಅಲ್ಲಿ ಇಕ್ಕಟ್ಟಾದ ಎಣ್ಣೆ ಬೆಣೆಯಂತೆ ಒತ್ತರಿಸಿ ಇಡೀ ಭಾರವನ್ನು ಎತ್ತಿ ಹಿಡಿಯುತ್ತದೆ. ಎಂದರೆ ಸರಿಯಾಗಿ ಓಡುತ್ತಿರುವ ಯಂತ್ರದಲ್ಲಿ ದಂಡ ಬೇರಿಂಗನ್ನು ಮುಟ್ಟುವುದೇ ಇಲ್ಲ. ಎಣ್ಣೆಯ ಮೇಲೆ ತೇಲುತ್ತಿರುತ್ತದೆ. ಆ ಪೊರೆಯ ದಪ್ಪ ಕೆಲವೇ ಮೈಕ್ರಾನುಗಳು, ತಲೆಗೂದಲಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಲಕ್ಷಗಟ್ಟಲೆ ರೂಪಾಯಿಯ ಗಾಡಿಯ ಆಯುಸ್ಸು ನಿಂತಿರುವುದು ಈ ಪೊರೆಯ ಮೇಲೆ.

ಆದರೆ ಈ ಬೆಣೆ ಏಳುವುದು ದಂಡ ವೇಗವಾಗಿ ತಿರುಗಿದಾಗ ಮಾತ್ರ. ಚಾಲೂ ಮಾಡುವ ಕ್ಷಣದಲ್ಲಿ ಲೋಹ ಲೋಹವನ್ನು ಮುಟ್ಟಿಯೇ ಇರುತ್ತದೆ. ಆ ಗಳಿಗೆಗಾಗಿ ಎಣ್ಣೆಯಲ್ಲಿ ಸತು ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಅವು ಲೋಹದ ಮೇಲೆ ತೆಳುವಾದ ಲೇಪವಾಗಿ ಕೂತು, ಲೋಹದ ಬದಲು ತಾವು ಸವೆಯುತ್ತವೆ. ಜಾರಿಕೆಯಲ್ಲದೆ ಎಣ್ಣೆಗೆ ಬೇರೆ ಕೆಲಸಗಳೂ ಇವೆ. ಪಿಸ್ಟನ್ನಿನ ಕಾವನ್ನು ಹೊತ್ತೊಯ್ಯುತ್ತದೆ, ಮಸಿಯನ್ನು ತೊಳೆದು ತನ್ನಲ್ಲಿ ಇಟ್ಟುಕೊಳ್ಳುತ್ತದೆ, ತುಕ್ಕನ್ನು ತಡೆಯುತ್ತದೆ, ಪಿಸ್ಟನ್ನಿನ ಬಳೆಗಳ ಸುತ್ತ ಅನಿಲ ಸೋರದಂತೆ ಮುಚ್ಚುತ್ತದೆ.

ಈಗ ಹೊಸ ಗಾಡಿಯ ಪ್ರಶ್ನೆಗೆ ಬರೋಣ. ಹೊಸ ಎಂಜಿನ್ನಿನ ಸಿಲಿಂಡರಿನ ಗೋಡೆಯನ್ನು ಕನ್ನಡಿಯಂತೆ ನುಣುಪು ಮಾಡಿರುವುದಿಲ್ಲ. ಒಂದನ್ನೊಂದು ಹಾದುಹೋಗುವ ಸಣ್ಣ ಗೀರುಗಳನ್ನು ಬೇಕೆಂದೇ ಕೊರೆದಿರುತ್ತಾರೆ. ಆ ಗೀರುಗಳ ತಗ್ಗಿನಲ್ಲಿ ಎಣ್ಣೆ ನಿಲ್ಲಬೇಕು. ಅವುಗಳ ಏಣು ಪಿಸ್ಟನ್ ಬಳೆಗಳ ಒರಸಾಟದಿಂದ ಸವೆದು ಬಳೆಗೂ ಗೋಡೆಗೂ ಹೊಂದಾಣಿಕೆ ಉಂಟಾಗಬೇಕು. ಹೊಸ ಚಪ್ಪಲಿ ಕಾಲಿಗೆ ಹೊಂದಿಕೊಳ್ಳುವ ಹಾಗೆ ಇದೂ ಒಂದು ಪಳಗುವಿಕೆ. ಹಿಂದೆ ಹೊಸ ಕಾರುಗಳ ಬೆನ್ನಿಗೆ ‘ರನ್ನಿಂಗ್ ಇನ್’ ಎಂಬ ಚೀಟಿ ಅಂಟಿಸಿಕೊಂಡು ಮೆಲ್ಲನೆ ಓಡಿಸುತ್ತಿದ್ದರು. ಹಿಂದಿನವರು ಹಾರನ್ ಬಾರಿಸಿ ಅವಸರಪಡಿಸದಿರಲಿ ಎಂಬ ವಿನಂತಿ ಅದು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿನ ಕಾಲದ ಆ ಶಿಸ್ತು ಇಂದು ಅಷ್ಟು ಕಠಿಣವಾಗಿ ಉಳಿದಿಲ್ಲ. ಕಾರ್ಖಾನೆಯ ಕೆಲಸ ಬಹಳ ನಯವಾಗಿರುವುದೇ ಅದಕ್ಕೆ ಕಾರಣ. ಆದರೂ ಮೊದಲ ಸಾವಿರ ಕಿಲೋಮೀಟರಿನಷ್ಟು ಸಂಯಮ ಇಂದಿಗೂ ಒಳ್ಳೆಯದು.

ಆ ಸಂಯಮವೆಂದರೆ ಆಮೆಯ ನಡಿಗೆಯೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ತೀರ ನಿಧಾನ ಓಡಿಸಿದರೆ ಬಳೆಗಳು ಗೋಡೆಗೆ ಸರಿಯಾಗಿ ಒತ್ತಿಕೊಳ್ಳದೆ ಹೊಂದಾಣಿಕೆಯೇ ಆಗುವುದಿಲ್ಲ. ಬಳೆಗಳನ್ನು ಗೋಡೆಗೆ ಒತ್ತುವುದು ಒಳಗಿನ ಅನಿಲದ ಒತ್ತಡ. ಮಿತವಾದ ಭಾರ ಬಿದ್ದಾಗಲೇ ಅದು ದೊರೆಯುತ್ತದೆ. ಆದ್ದರಿಂದ ವೇಗವನ್ನು ಏರಿಸುತ್ತ ಇಳಿಸುತ್ತ ಓಡಿಸಬೇಕು. ಗಂಟೆಗಟ್ಟಲೆ ಒಂದೇ ವೇಗ ಬೇಡ. ಆಕ್ಸಿಲರೇಟರನ್ನು ಪೂರ್ತಿ ತುಳಿಯುವುದು ಬೇಡ. ಮೇಲಿನ ಗೇರಿನಲ್ಲಿ ಎಂಜಿನ್ ಏದುಸಿರು ಬಿಡುವಂತೆ ಏರು ಹತ್ತಿಸುವುದು ಬೇಡ. ನಿಂತಲ್ಲಿಯೇ ಬಹಳ ಹೊತ್ತು ಗುರುಗುಟ್ಟಿಸುವುದೂ ಬೇಡ. ಈ ಅವಧಿಯಲ್ಲಿ ಎಣ್ಣೆ ತುಸು ಹೆಚ್ಚಾಗಿ ಖರ್ಚಾಗುವುದು ಸಾಧ್ಯ; ಬಳೆಗಳು ಕೂತ ಮೇಲೆ ಅದು ಕಡಿಮೆಯಾಗುತ್ತದೆ.

ಈ ಪಳಗುವಿಕೆಯಲ್ಲಿ ಸವೆದ ಲೋಹದ ಕಣಗಳು ಎಣ್ಣೆಗೆ ಸೇರುತ್ತವೆ. ದೊಡ್ಡವನ್ನು ಫಿಲ್ಟರು ಹಿಡಿಯುತ್ತದೆ. ತೀರ ಸಣ್ಣವು ಎಣ್ಣೆಯೊಡನೆ ಸುತ್ತುತ್ತಿರುತ್ತವೆ. ಬೈಕುಗಳಲ್ಲಿ ಗೇರುಗಳಿಗೂ ಎಂಜಿನ್ನಿಗೂ ಸಾಮಾನ್ಯವಾಗಿ ಒಂದೇ ಎಣ್ಣೆ. ಅದರ ಒಟ್ಟು ಪ್ರಮಾಣ ಸಣ್ಣ ಬೈಕಿನಲ್ಲಿ ಒಂದು ಲೀಟರಿನಷ್ಟು ಮಾತ್ರ. ಆದ್ದರಿಂದಲೇ ಹೆಚ್ಚಿನ ಬೈಕುಗಳಿಗೆ ಮೊದಲ ಐನೂರರಿಂದ ಸಾವಿರ ಕಿಲೋಮೀಟರಿನೊಳಗೆ ಎಣ್ಣೆ ಬದಲಾಯಿಸಲು ಹೇಳುತ್ತಾರೆ. ಮೂರು ನಾಲ್ಕು ಲೀಟರ್ ಎಣ್ಣೆ ಹಿಡಿಯುವ ಇಂದಿನ ಅನೇಕ ಕಾರುಗಳಲ್ಲಿ ಮೊದಲ ಸಾವಿರ ಕಿಲೋಮೀಟರಿನ ಭೇಟಿ ಬರಿಯ ತಪಾಸಣೆ. ಎಣ್ಣೆಯ ಬದಲಾವಣೆ ಹತ್ತು ಸಾವಿರ ಕಿಲೋಮೀಟರಿಗೆ ಇಲ್ಲವೆ ಒಂದು ವರ್ಷಕ್ಕೆ. ಎರಡರಲ್ಲಿ ಯಾವುದು ಮೊದಲೋ ಅದು. ಗಾಡಿಯೊಡನೆ ಕೊಡುವ ಕೈಪಿಡಿಯಲ್ಲಿ ಇದೆಲ್ಲ ಅಚ್ಚಾಗಿರುತ್ತದೆ. ನಾವು ಪ್ರಾಚೀನ ಕಾವ್ಯಗಳಿಗೆ ಟೀಕೆ ಓದುತ್ತೇವೆ, ಆದರೆ ಲಕ್ಷಾಂತರ ರೂಪಾಯಿಯ ಯಂತ್ರದ ಟೀಕೆಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದೇ ಇಲ್ಲ.

‘ಎರಡರಲ್ಲಿ ಯಾವುದು ಮೊದಲೋ’ ಎಂಬ ಮಾತನ್ನು ನನ್ನ ಓರಗೆಯವರು ವಿಶೇಷವಾಗಿ ಗಮನಿಸಬೇಕು. ‘ವರ್ಷಕ್ಕೆ ಎರಡು ಸಾವಿರ ಕಿಲೋಮೀಟರೂ ಓಡಿಲ್ಲ, ಎಣ್ಣೆ ಏಕೆ ಬದಲಾಯಿಸಲಿ?’ ಎಂದು ಕೇಳುವವರುಂಟು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಅದರ ಬಹುಪಾಲು ಆವಿಯಾಗಿ ಹೊಗೆಕೊಳವೆಯಿಂದ ಹೊರಹೋದರೂ ಸ್ವಲ್ಪ ಭಾಗ ಬಳೆಗಳ ಸಂದಿಯಿಂದ ಎಣ್ಣೆಗೆ ಇಳಿಯುತ್ತದೆ. ದೂರ ಓಡುವ ಗಾಡಿಯಲ್ಲಿ ಎಣ್ಣೆ ಚೆನ್ನಾಗಿ ಕಾದು ಆ ನೀರು ಹಾರಿಹೋಗುತ್ತದೆ. ಮನೆಯಿಂದ ತರಕಾರಿ ಅಂಗಡಿಗೆ, ಅಲ್ಲಿಂದ ದೇವಸ್ಥಾನಕ್ಕೆ, ಮತ್ತೆ ಮನೆಗೆ ಎಂದು ಎರಡೆರಡು ಕಿಲೋಮೀಟರ್ ಓಡುವ ಗಾಡಿಯಲ್ಲಿ ಎಣ್ಣೆ ಕಾಯುವುದೇ ಇಲ್ಲ. ನೀರು, ಪೂರ್ತಿ ಉರಿಯದ ಇಂಧನ, ಆಮ್ಲಗಳು ಅದರಲ್ಲಿಯೇ ಕೂಡಿಕೊಳ್ಳುತ್ತವೆ. ನೋಡಲು ಸುಖಜೀವನ ನಡೆಸುವಂತೆ ತೋರುವ ಈ ಗಾಡಿಯ ಬಳಕೆಯನ್ನು ತಯಾರಕರು ‘ಕಠಿಣ ಬಳಕೆ’ಯ ಪಟ್ಟಿಗೆ ಸೇರಿಸುತ್ತಾರೆ. ಡೀಸೆಲ್ ಗಾಡಿಗಳಲ್ಲಿ ಹೇಳಿದೆನಲ್ಲ, ಮಸಿಯ ಜರಡಿ: ಸಣ್ಣ ಓಡಾಟದಲ್ಲಿ ಅದರ ಸುಡುವ ಕೆಲಸ ಅರ್ಧಕ್ಕೆ ನಿಂತು, ಉಳಿದ ಡೀಸೆಲ್ ಎಣ್ಣೆಗೆ ಇಳಿಯುತ್ತದೆ. ಆಗ ಎಣ್ಣೆಯ ಮಟ್ಟ ಇಳಿಯುವ ಬದಲು ಏರುತ್ತದೆ. ಏರಿತೆಂದು ಸಂತೋಷಪಡಬಾರದು, ಎಣ್ಣೆ ತೆಳುವಾಗಿ ಸತ್ವ ಕಳೆದುಕೊಂಡಿದೆಯೆಂದು ತಿಳಿಯಬೇಕು.

ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದು ತಿಳಿಯುವುದೂ ಸರಿಯಲ್ಲ. ಬಟ್ಟೆ ಒಗೆದ ಸಾಬೂನಿನ ನೀರು ಕೊಳೆಯಾಯಿತೆಂದರೆ ಬಟ್ಟೆ ಶುಭ್ರವಾಯಿತೆಂದೇ ಅರ್ಥ. ಮಸಿಯನ್ನು ತೊಳೆದು ತನ್ನೊಳಗೆ ತೇಲಿಸಿಟ್ಟುಕೊಂಡ ಎಣ್ಣೆ ಕಪ್ಪಾಗುವುದು ಸಹಜ. ಆದರೆ ಸಾಬೂನಿನ ನೀರಿಗೂ ಒಂದು ಮಿತಿಯುಂಟು. ಬೆರೆಸಿದ ರಾಸಾಯನಿಕಗಳು ಖರ್ಚಾಗಿ, ಕಾವಿಗೆ ಎಣ್ಣೆಯೇ ಆಕ್ಸಿಜನ್ನಿನೊಡನೆ ಕೂಡಿ ಮಂದವಾಗುತ್ತ ಹೋಗಿ, ಕೊನೆಗೆ ಅದು ಕೆಸರಾಗುತ್ತದೆ. ಸಣ್ಣ ಕಾಲುವೆಗಳು ಆ ಕೆಸರಿನಿಂದ ಕಟ್ಟಿಕೊಂಡ ದಿನ, ನಾನು ಹೇಳಿದ ಒನಕೆಯ ಪೆಟ್ಟು ಕೇಳತೊಡಗುತ್ತದೆ. ಆ ಹೊತ್ತಿಗೆ ಹೊಸ ಎಣ್ಣೆ ಸುರಿದು ಪ್ರಯೋಜನವಿಲ್ಲ. ದುಡಿಮೆಗೆ ಗಾಡಿಯನ್ನೇ ನಂಬಿದವರ ಪಾಲಿಗೆ ಇದು ಬರಿಯ ರಿಪೇರಿಯ ಮಾತಲ್ಲ. ಕೆಲವು ನೂರು ರೂಪಾಯಿಯ ಎಣ್ಣೆಯನ್ನು ಮುಂದಿನ ತಿಂಗಳಿಗೆಂದು ಮುಂದೂಡಿದ ಆಟೋ ಚಾಲಕ ಎಂಜಿನ್ ಬಿಚ್ಚಿಸಬೇಕಾಗಿ ಬಂದಾಗ, ವಾರಗಟ್ಟಲೆ ಸಂಪಾದನೆ ನಿಂತು ಸಾಲದ ಕಂತು ಮಾತ್ರ ನಿಲ್ಲದಿರುವುದನ್ನು ಕಂಡಿದ್ದೇನೆ. ಹಿಂದಿನವರು ‘ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆ’ ಎಂದದ್ದು ಬೇರೆ ಸಂದರ್ಭಕ್ಕೆ. ಅದು ಈ ಸಂದರ್ಭಕ್ಕೂ ಒಪ್ಪುತ್ತದೆ.

ಇನ್ನು ‘ದಪ್ಪ ಎಣ್ಣೆ’ಯ ಸಲಹೆ. ಎಣ್ಣೆಯ ಡಬ್ಬಿಯ ಮೇಲೆ 5ಡಬ್ಲ್ಯೂ-30, 20ಡಬ್ಲ್ಯೂ-40 ಎಂಬಂಥ ಸಂಖ್ಯೆಗಳಿರುತ್ತವೆ. ಅಮೆರಿಕದಲ್ಲಿ 1905ರಲ್ಲಿ ಸ್ಥಾಪನೆಯಾದ ಮೋಟಾರು ಎಂಜಿನಿಯರುಗಳ ಸಂಘ 1911ರಲ್ಲಿ ಆರಂಭಿಸಿದ ವರ್ಗೀಕರಣದಿಂದ ಬೆಳೆದುಬಂದದ್ದು ಈ ಲೆಕ್ಕ. ಡಬ್ಲ್ಯೂ ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ. ಮೊದಲ ಸಂಖ್ಯೆ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆಂಬುದಕ್ಕೆ. ಎರಡನೆಯದು ನೂರು ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆಂಬುದಕ್ಕೆ. ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರು ಪಿಂಚಣಿಯ ಗಂಟಿನಿಂದ ಹೊಸ ಕಾರು ಕೊಂಡರು. ಬೆಳಗಿನ ಟಕಟಕ ಅವರ ನಿದ್ದೆಗೆಡಿಸಿತು. ಪರಿಚಯದ ಗ್ಯಾರೇಜಿನವನು ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಬಹಳ ಮಂದವಾದ ಎಣ್ಣೆ ಹಾಕಿಕೊಟ್ಟ. ಸದ್ದು ನಿಜಕ್ಕೂ ಮೆತ್ತಗಾಯಿತು. ಮೇಷ್ಟ್ರಿಗೆ ಸಂತೋಷವಾಯಿತು. ಕೆಲವು ತಿಂಗಳಲ್ಲಿ ಪೆಟ್ರೋಲ್ ಹೆಚ್ಚು ಕುಡಿಯತೊಡಗಿತು, ಬೆಳಗ್ಗೆ ಎಂಜಿನ್ ಭಾರವಾಗಿ ಏಳತೊಡಗಿತು. ಮಂದವಾದ ಎಣ್ಣೆ ಬೆಳಗ್ಗೆ ಮೇಲೇರಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ತೆಳುವಾದ ಎಣ್ಣೆಗೆಂದು ಕಿರಿದಾಗಿ ಮಾಡಿದ ಸಂದುಗಳಲ್ಲಿ ಸಲೀಸಾಗಿ ಹರಿಯುವುದಿಲ್ಲ. ಇಂದಿನ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವುಗಳು ತೆರೆಯುವ ಹೊತ್ತನ್ನು ಹಿಂದುಮುಂದು ಮಾಡುವುದೂ ಎಣ್ಣೆಯ ಒತ್ತಡವೇ. ಸದ್ದು ಅಡಗಿತು, ನಿಜ; ಆದರೆ ಅಳುವ ಮಗುವಿನ ಬಾಯಿಗೆ ಬಟ್ಟೆ ಮುಚ್ಚಿದರೂ ಸದ್ದು ಅಡಗುತ್ತದೆ. ಕೊನೆಗೆ ಕೈಪಿಡಿಯ ಎಣ್ಣೆಗೇ ಮರಳಿದರು. ಟಕಟಕ ಮರಳಿತು, ಪರಿಣತರು ಪರೀಕ್ಷಿಸಿ ಅದು ಸಹಜವಾದ ಸದ್ದೆಂದು ತಿಳಿಸಿದರು.

ಹಾಗೆಯೇ ಕಾರಿನ ಎಣ್ಣೆಯನ್ನು ಬೈಕಿಗೆ ಹಾಕಬಾರದು. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ಚಿನ ಬಿಲ್ಲೆಗಳು ಎಂಜಿನ್ ಎಣ್ಣೆಯಲ್ಲಿಯೇ ಮುಳುಗಿರುತ್ತವೆ. ಜಾರಿಕೆ ಹೆಚ್ಚಿಸಲು ಕಾರಿನ ಎಣ್ಣೆಗೆ ಬೆರೆಸಿದ ಪದಾರ್ಥಗಳು ಕ್ಲಚ್ಚನ್ನೂ ಜಾರಿಸಿಬಿಡಬಹುದು. ಎಣ್ಣೆಯ ವಿಷಯದಲ್ಲಿ ಎಂಜಿನ್ನಿನ ಜಾತಕವನ್ನು ನೋಡಿಯೇ ಹೊಂದಿಸಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ದಿ ಬೈಕುಗಳನ್ನು ನೆನೆದುಕೊಳ್ಳಿ. ಎರಡು ಹೊಡೆತದ ಆ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ದಂಡಕ್ಕೂ ಪಿಸ್ಟನ್ನಿಗೂ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸುತ್ತಿದ್ದರು. ಅದು ಪೆಟ್ರೋಲಿನೊಡನೆ ಉರಿದು ಹೋಗುತ್ತಿತ್ತು. ಬದಲಾಯಿಸುವ ಮಾತಿದ್ದುದು ಗೇರಿನ ಎಣ್ಣೆಗೆ ಮಾತ್ರ. ಆ ನೀಲಿ ಹೊಗೆ, ಬೀದಿಯ ಕೊನೆಯಿಂದಲೇ ಗುರುತು ಸಿಗುತ್ತಿದ್ದ ಆ ದನಿ ಎರಡಕ್ಕೂ ಆ ರಚನೆಯೇ ಕಾರಣ. ಒಂದು ಕುತೂಹಲದ ಸಂಗತಿ: ನಮ್ಮ ಗಾಡಿಯವರ ಹರಳೆಣ್ಣೆ ಮೋಟಾರು ಯುಗದಲ್ಲಿಯೂ ಮೆರೆದಿತ್ತು. 1909ರಲ್ಲಿ ಇಂಗ್ಲೆಂಡಿನಲ್ಲಿ ಬಂದ ‘ಕ್ಯಾಸ್ಟ್ರಾಲ್’ ಎಂಬ ಹೆಸರಿನ ಮೂಲ ಹರಳೆಣ್ಣೆಯ ಇಂಗ್ಲಿಷ್ ಹೆಸರೇ. ಮೊದಲ ಮಹಾಯುದ್ಧದ ಹಲವು ವಿಮಾನಗಳ ಎಂಜಿನ್‌ಗಳು ಓಡಿದ್ದೂ ಹರಳೆಣ್ಣೆಯಿಂದ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಬಹಳ ಸುಲಭ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಐದು ಹತ್ತು ನಿಮಿಷ ಬಿಟ್ಟು ಅಳತೆಯ ಕಡ್ಡಿಯನ್ನು ಹೊರಗೆಳೆಯಿರಿ. ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಇಳಿಸಿ, ತೆಗೆದು ನೋಡಿ. ಎಣ್ಣೆಯ ಗುರುತು ಎರಡು ಗೆರೆಗಳ ನಡುವೆ ಇರಬೇಕು. ಕೆಳಗಿನ ಗೆರೆಗಿಂತ ತಗ್ಗಿದ್ದರೆ ಅಪಾಯ. ಮೇಲಿನದನ್ನು ಮೀರಿದರೂ ಹಾನಿಯೇ. ಕ್ರ್ಯಾಂಕ್ ದಂಡ ಎಣ್ಣೆಯನ್ನು ಮಜ್ಜಿಗೆಯಂತೆ ಕಡೆದು ನೊರೆಯೆಬ್ಬಿಸುತ್ತದೆ, ನೊರೆ ಭಾರ ಹೊರಲಾರದು. ಬೈಕುಗಳಲ್ಲಿ ಈ ಅಳತೆಯ ಕ್ರಮ ಬೇರೆ ಇರಬಹುದು. ಕೈಪಿಡಿ ಹೇಳಿದಂತೆ ನಡೆದುಕೊಳ್ಳಬೇಕು. ತಿಂಗಳಿಗೊಮ್ಮೆ, ದೂರದ ಪ್ರಯಾಣಕ್ಕೆ ಮುನ್ನ ಒಮ್ಮೆ ಇದನ್ನು ನೋಡಿಕೊಂಡರೆ ಸಾಕು. ಎಣ್ಣೆ ಬದಲಾಯಿಸಿದಾಗ ಫಿಲ್ಟರನ್ನೂ ಕೈಪಿಡಿಯಂತೆ ಬದಲಾಯಿಸಿದರೇ ಎಂದು ಕೇಳಿ, ರಸೀತಿಯಲ್ಲಿ ಎಣ್ಣೆಯ ಸಂಖ್ಯೆಯನ್ನು ಬರೆಸಿಕೊಳ್ಳಿ.

ಹೊರಗೆ ಬಂದ ಹಳೆಯ ಎಣ್ಣೆ ಎಲ್ಲಿಗೆ ಹೋಗುತ್ತದೆಂಬುದನ್ನೂ ಕೇಳಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಅನುಮತಿ ಪಡೆದ ಸಂಸ್ಕರಣದವರಿಗೇ ಒಪ್ಪಿಸಬೇಕು. ಚರಂಡಿಗೆ ಚೆಲ್ಲಿದರೆ ಅದು ಕೆರೆಯ ನೀರಿನ ಮೇಲೆ ಪೊರೆಯಾಗಿ ಹರಡಿ ನೀರಿಗೆ ಗಾಳಿ ಸೋಕದಂತೆ ಮಾಡುತ್ತದೆ. ಎಂಜಿನ್ನನ್ನು ಕಾಪಾಡಿದ ಆ ಪೊರೆಯ ಗುಣವೇ ಅಲ್ಲಿ ಮೀನಿನ ಉಸಿರು ಕಟ್ಟಿಸುತ್ತದೆ.

ಈಗ ವಿದ್ಯುತ್ ವಾಹನಗಳು ಬಂದಿವೆ. ಅವುಗಳಲ್ಲಿ ಎಂಜಿನ್ನೂ ಇಲ್ಲ, ಎಂಜಿನ್ ಎಣ್ಣೆಯೂ ಇಲ್ಲ. ಗೇರಿಗೆ ಬೇಕಾದ ಎಣ್ಣೆಯಷ್ಟೇ ಉಳಿದಿದೆ. ಅವು ಎಷ್ಟು ಸದ್ದಿಲ್ಲದೆ ಬರುತ್ತವೆಂದರೆ ನಡೆದು ಹೋಗುವವರಿಗೆ, ವಿಶೇಷವಾಗಿ ಕಣ್ಣು ಕಾಣದವರಿಗೆ ಗಂಡಾಂತರವಾಗುವುದೆಂದು ಯೂರೋಪಿನಲ್ಲಿ 2021ರ ಜುಲೈಯಿಂದ ಇಂಥ ಎಲ್ಲ ಹೊಸ ಕಾರುಗಳಿಗೂ ನಿಧಾನವಾಗಿ ಚಲಿಸುವಾಗ ಕೃತಕವಾದ ಸದ್ದನ್ನು ಕೂಡಿಸುವುದು ಕಡ್ಡಾಯವಾಗಿದೆ. ಸದ್ದನ್ನು ಅಡಗಿಸಲು ನೂರು ವರ್ಷ ದುಡಿದ ಎಂಜಿನಿಯರುಗಳು ಈಗ ಸದ್ದು ಹೊಸೆಯಲು ಕೂತಿದ್ದಾರೆ.

ಪೆಟ್ರೋಲಿನ, ಡೀಸೆಲಿನ ಗಾಡಿಗಳು ಇನ್ನೂ ಬಹುಕಾಲ ನಮ್ಮ ಮನೆಗಳ ಮುಂದೆ ನಿಂತಿರುತ್ತವೆ. ಅವು ಪ್ರತಿ ಬೆಳಗ್ಗೆ ತಮ್ಮ ಯೋಗಕ್ಷೇಮವನ್ನು ದನಿಯ ಮೂಲಕವೇ ಹೇಳುತ್ತವೆ. ಹೊಸ ಗಾಡಿ ಬಂದ ಮೊದಲ ವಾರ, ರೇಡಿಯೋ ಹಾಕದೆ, ಕಿಟಕಿ ಇಳಿಸಿ, ಅದರ ಸಹಜವಾದ ಸದ್ದನ್ನು ಗಮನವಿಟ್ಟು ಕೇಳಿ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ರೇಡಿಯೋದಲ್ಲಿ ಕೂತು ಈ ಮಾತನ್ನು ಹೇಳುವುದು ಸ್ವಲ್ಪ ವಿಚಿತ್ರವೇ. ಆದರೆ ಆ ಪರಿಚಯವಿದ್ದವರಿಗೆ ಮಾತ್ರ, ಮುಂದೆಂದಾದರೂ ಅದರ ದನಿ ಬದಲಾದ ದಿನ, ಅದು ಬದಲಾಯಿತೆಂದು ತಿಳಿಯುತ್ತದೆ.